ಪುಣ್ಯಕೋಟಿಯ ಹುಲಿ ಸಾಯಲೇಬೇಕಾ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಆರೂವರೆ ವರ್ಷ, ಒಂದನೇ ಕ್ಲಾಸು. ಸ್ಕೂಲ್ ಡೇಗೆ ‘ಗೋವಿನ ಹಾಡು’ ರೂಪಕ ಮಾಡಿಸ್ತಿದ್ದಾರೆ, ಇವಳು ಕರು. ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ‘ಆರ ಮೊಲೆಯನು ಕುಡಿಯಲಮ್ಮ’ ಬಂದ ತಕ್ಷಣ ಅಳು ಶುರು. ರಾತ್ರಿ ಮಲಗಿದ ಮೇಲೆ, ‘ಪುಣ್ಯಕೋಟಿ ಯಾಕೆ ವಾಪಸ್ ಹೋದಳು, ಮನೇಲೇ ಇರಬಹುದಿತ್ತಲ್ವಾ’ ಅಂತಾಳೆ. ಹುಲಿ ಸತ್ತಿದ್ದೂ ಅವಳಿಗೆ ಒಪ್ಪಿಗೆಯಾಗಿಲ್ಲ. ಹೆದರಿಸಿದವನಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಬೇಕು ಅಂತ ಈ ಕಾಲದಲ್ಲಿ ಹೆಣ್ಣುಮಗುವಿಗೆ ಕಲಿಸೋದು ಅಪಾಯ ಅನ್ನೋದು ನಮ್ಮ ಯಜಮಾನರ ವಾದ. ನಾವೆಲ್ಲ ಇದನ್ನೇ ಕೇಳಿ ಬೆಳೀಲಿಲ್ವಾ ಅಂತ ಅತ್ತೆ. ಇದು ಗೋರಾಜಕೀಯದ ಹಾಡು, ಬಿಟ್ಟುಬಿಡಿ ಅಂತ ಪಕ್ಕದ ಮನೆ ಗೆಳತಿ. ಇದರ ಮಧ್ಯೆ ಸ್ಕೂಲಿನವರು, ಕೊನೆಯಲ್ಲಿ ಹುಲಿ-ಹಸು ಫ್ರೆಂಡ್ಸ್ ಆಗೋ ಹಾಗೆ ಬದಲಾಯಿಸೋಣ್ವಾ ಅಂತ ಪೋಷಕರನ್ನು ಕೇಳಿದ್ದಾರೆ. ನಾನೇನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮಗುವಿನ ಅಳು, ಮಾತು ಉಳಿಸಿಕೊಳ್ಳುವ ಪಾಠದ ಅಪಾಯ, ರಾಜಕೀಯ, ಕೊನೆಯ ಬದಲಾವಣೆ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಮಗುವಿನದ್ದೇ ಮೊದಲು ನೋಡೋಣ, ಉಳಿದದ್ದಕ್ಕೆ ಆಮೇಲೂ ಸಮಯ ಇದೆ.

ಅವಳು ಅಳುತ್ತಿರುವ ಜಾಗವನ್ನು ಗಮನಿಸಿ. ಹುಲಿಯ ಗರ್ಜನೆಗೆ ಅಳುತ್ತಿಲ್ಲ, ‘ಖಂಡವಿದೆ ಕೋ ಮಾಂಸವಿದೆ ಕೋ’ ಎಂಬಲ್ಲೂ ಅಳುತ್ತಿಲ್ಲ. ಯಾರ ಹತ್ತಿರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ ಎಂದು ಕರು ಕೇಳುವ ಹೊತ್ತಿಗೆ ಅಳುತ್ತಾಳೆ. ಆರು ವರ್ಷದ ಮಗುವಿಗೆ ಸಾವಿಗಿಂತ ಅಮ್ಮ ಬಿಟ್ಟುಹೋಗುವುದು ದೊಡ್ಡ ಭಯ. ಈ ಹಾಡು ಆ ಭಯವನ್ನು ನೇರವಾಗಿ ಮುಟ್ಟುತ್ತದೆ, ಅದೂ ಹಾಲು, ಮಲಗುವ ಜಾಗ ಎಂಬ ಮಗುವಿನ ದಿನನಿತ್ಯದ ಲೆಕ್ಕದಲ್ಲೇ. ಮೇಲಿಂದ ನಿಮ್ಮ ಮಗಳೇ ಕರು. ಅವಳು ಅಳದಿದ್ದರೆ ಆಶ್ಚರ್ಯವಾಗುತ್ತಿತ್ತು.

ಮನೇಲೇ ಇರಬಹುದಿತ್ತಲ್ವಾ ಎಂಬ ಅವಳ ಪ್ರಶ್ನೆ ಹಾಡಿನೊಳಗೇ ಇದೆ ಎಂಬುದು ನಿಮಗೆ ಮೊದಲು ಗೊತ್ತಿರಲಿ. ‘ಅಮ್ಮ ನೀನು ಸಾಯಲೇಕೆ, ನಮ್ಮ ತಬ್ಬಲಿ ಮಾಡಲೇಕೆ, ಸುಮ್ಮನಿಲ್ಲಿಯೆ ನಿಲ್ಲು’ ಎಂದು ಕರು ಕೇಳುತ್ತದೆ. ಸಂಕ್ಷಿಪ್ತ ಪಾಠಗಳಲ್ಲಿ ಎಷ್ಟೋ ಸಲ ಈ ನುಡಿಯನ್ನೇ ಬಿಟ್ಟಿರುತ್ತಾರೆ. ನೀವು ಮಗಳಿಗೆ ಅದನ್ನು ಹೇಳಿಕೊಡಿ. ‘ನೀನು ಕೇಳಿದ್ದನ್ನೇ ಕರುವೂ ಕೇಳಿತು ನೋಡು’ ಎಂದರೆ ಸಾಕು, ತನ್ನ ಪ್ರಶ್ನೆ ತಪ್ಪಲ್ಲ ಎಂದು ಮಗುವಿಗೆ ಗೊತ್ತಾಗುತ್ತದೆ. ಉಪದೇಶ ಬೇಡ.

ಅಭ್ಯಾಸದ ಕ್ರಮವನ್ನು ಸ್ವಲ್ಪ ಬದಲಿಸಿ. ಮಲಗುವ ಹೊತ್ತಿಗೆ ಈ ಹಾಡು ಬೇಡ, ಸಂಜೆ ಬೆಳಕಿರುವಾಗ ಆಗಲಿ. ಹಾಡುವ ಮೊದಲು ಕತೆಯನ್ನು ಮಾತಿನಲ್ಲಿ ಪೂರ್ತಿ ಹೇಳಿ, ಕರುವಿಗೆ ಅಮ್ಮ ವಾಪಸ್ ಸಿಕ್ಕಿ ಹಾಲು ಕುಡಿಯುತ್ತದೆ ಎಂಬಲ್ಲಿಗೆ ಮುಗಿಸಿ. ಕೊನೆ ಗೊತ್ತಿದ್ದರೆ ಕತೆಯ ರುಚಿ ಕೆಡುತ್ತದೆ ಎಂಬ ಲೆಕ್ಕ ಈ ವಯಸ್ಸಿಗೆ ಅನ್ವಯಿಸುವುದಿಲ್ಲ. ಮಕ್ಕಳು ಗೊತ್ತಿರುವ ಕತೆಯನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಅಭ್ಯಾಸವನ್ನು ಯಾವತ್ತೂ ಕರುವಿನ ಅಳುವಿಗೆ ನಿಲ್ಲಿಸಬೇಡಿ. ಸಮಯ ಕಡಿಮೆ ಇದ್ದರೆ ಮಧ್ಯದ ನುಡಿಗಳನ್ನು ಹಾರಿಸಿ, ಆದರೆ ತಾಯಿ-ಕರು ಸೇರುವ ತನಕ ಹೋಗಿಯೇ ನಿಲ್ಲಿಸಿ. ಹಾಡುವಾಗ ಒಂದೆರಡು ಹನಿ ಕಣ್ಣೀರು ಬಂದು, ಆಮೇಲೆ ಮಗು ಆಟಕ್ಕೆ ಓಡಿದರೆ ಚಿಂತೆ ಬೇಡ. ಎರಡು ವಾರ ಕಳೆದರೂ ರಾತ್ರಿ ಬೆಚ್ಚಿಬೀಳುವುದು, ನಿಮ್ಮನ್ನು ಬಿಟ್ಟು ಶಾಲೆಗೆ ಹೋಗಲ್ಲ ಎನ್ನುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು ಕಂಡರೆ ಪಾತ್ರ ಬದಲಿಸಲು ಕೇಳಿ. ಗಂಗೆ, ಗೌರಿ, ತುಂಗಭದ್ರೆ ಎಂದು ಗೊಲ್ಲ ಕರೆಯುವ ಹಸುಗಳಲ್ಲಿ ಒಂದಾಗಲಿ. ಆಗಲೂ ನಿಲ್ಲದಿದ್ದರೆ ಕಾರಣ ಹಾಡಿನ ಹೊರಗಿರಬಹುದು, ಮಕ್ಕಳ ಆಪ್ತ ಸಮಾಲೋಚಕರನ್ನು ಕಾಣಿ.

ಇನ್ನು ನಿಮ್ಮ ಯಜಮಾನರ ಮಾತು. ಅದನ್ನು ಯಾರೂ ತಳ್ಳಿಹಾಕಬಾರದು. ‘ಯಾರಿಗೂ ಹೇಳಬೇಡ, ಮಾತು ಕೊಡು’ ಎಂದು ಮಕ್ಕಳಿಂದ ಆಣೆ ಹಾಕಿಸಿಕೊಳ್ಳುವುದು ಅವರಿಗೆ ಕೇಡು ಮಾಡುವವರ ಮಾಮೂಲಿ ದಾರಿ. ‘ಕೊಟ್ಟ ಮಾತಿಗೆ ತಪ್ಪಬಾರದು’ ಎಂಬ ಒಂದೇ ವಾಕ್ಯವನ್ನು ಈ ಹಾಡಿನ ನೀತಿ ಎಂದು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದರೆ ಅವರ ಆತಂಕ ನಿಜವೇ ಆಗುತ್ತದೆ.

ಆದರೆ ಹಾಡಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ನೋಡಿ. ಹುಲಿ ಪುಣ್ಯಕೋಟಿಯಿಂದ ಮಾತು ಕೇಳುವುದೇ ಇಲ್ಲ. ಅವಳೇ ಬಿನ್ನಹ ಮಾಡುತ್ತಾಳೆ, ಅವಳೇ ಮಾತು ಕೊಡುತ್ತಾಳೆ. ಹುಲಿ ನಂಬುವುದೂ ಇಲ್ಲ, ನುಸುಳಿ ಹೋಗುತ್ತೀಯ, ಸುಳ್ಳು ಹೇಳುತ್ತೀಯ ಎನ್ನುತ್ತದೆ. ಅವಳು ದೊಡ್ಡಿಗೆ ಬಂದು ಏನನ್ನೂ ಮುಚ್ಚಿಡುವುದಿಲ್ಲ. ಕರುವಿಗೆ ಎಲ್ಲ ಹೇಳುತ್ತಾಳೆ, ‘ಅಮ್ಮಗಳಿರಾ ಅಕ್ಕಗಳಿರಾ’ ಎಂದು ಮಂದೆಯ ಹಸುಗಳನ್ನೆಲ್ಲ ಕರೆದು ಕರುವನ್ನು ಒಪ್ಪಿಸುತ್ತಾಳೆ, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಬೇಡಿಕೊಳ್ಳುತ್ತಾಳೆ. ಹೆದರಿಸಿ ಕಿತ್ತುಕೊಂಡ ಗುಟ್ಟಿನ ಆಣೆ ಒಂದು ಕಡೆ, ತಾನೇ ಕೊಟ್ಟು ಎಲ್ಲರೆದುರು ಹೇಳಿದ ಮಾತು ಇನ್ನೊಂದು ಕಡೆ. ಈ ವ್ಯತ್ಯಾಸ ಆರು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಮಗಳಿಗೆ ಹೀಗೆ ಹೇಳಬಹುದು: ‘ಪುಣ್ಯಕೋಟಿ ಮನೆಗೆ ಬಂದು ಎಲ್ಲರಿಗೂ ಹೇಳಿದಳು ಅಲ್ವಾ? ನೀನೂ ಹಾಗೇ. ಯಾರಾದರೂ ಹೆದರಿಸಿ, ಅಮ್ಮನಿಗೆ ಹೇಳಬೇಡ ಅಂತ ಮಾತು ತಗೊಂಡರೆ ಅದು ಮಾತೇ ಅಲ್ಲ. ಓಡಿ ಬಂದು ನನಗೆ ಹೇಳು.’ ಇದನ್ನು ಹಾಡು ಕಲಿಸುವ ದಿನವೇ ಹೇಳಬೇಕೆಂದಿಲ್ಲ, ಆದರೆ ಆ ವಾರದಲ್ಲೇ ಹೇಳಿ.

ಹುಲಿಯ ಸಾವಿಗೆ ಬರುವ ಮುಂಚೆ ಒಂದೆರಡು ತಪ್ಪು ತಿಳಿವಳಿಕೆ ಬಿಡಿಸಬೇಕು. ಈ ಹಾಡಿಗೆ ಕವಿಯ ಹೆಸರಿಲ್ಲ. ದಾಸರ ಪದಗಳಲ್ಲಿರುವಂತೆ ಅಂಕಿತವೂ ಇಲ್ಲ. ಹಾಗಾಗಿ ಹಂಚಿಕೆಯಾಗುವ ಪಠ್ಯಗಳಲ್ಲಿ ಯಾರದಾದರೂ ಹೆಸರು ಕಂಡರೆ ನಂಬಬೇಡಿ. ಬಾಯಿಂದ ಬಾಯಿಗೆ ಬಂದದ್ದರಿಂದ ನುಡಿಗಳ ಸಂಖ್ಯೆ, ಕ್ರಮ, ಪದ ಊರಿಂದೂರಿಗೆ ಬೇರೆ. ಇದು ಕನ್ನಡದಲ್ಲಿ ಮಾತ್ರ ಇರುವ ಕತೆ ಎಂಬುದೂ ನಿಜವಲ್ಲ. ಪದ್ಮಪುರಾಣದಲ್ಲಿ ನಂದಾ ಎಂಬ ಹಸು ಹೀಗೆಯೇ ಹುಲಿಗೆ ಮಾತು ಕೊಟ್ಟು ಕರುವಿಗೆ ಹಾಲೂಡಿಸಿ ಮರಳುತ್ತಾಳೆ. ಅಲ್ಲಿ ಹುಲಿ ಪ್ರಭಂಜನನೆಂಬ ರಾಜ. ಮರಿಗೆ ಹಾಲೂಡಿಸುತ್ತಿದ್ದ ಜಿಂಕೆಯನ್ನು ಹೊಡೆದದ್ದಕ್ಕೆ ಶಾಪದಿಂದ ಹುಲಿಯಾಗಿರುತ್ತಾನೆ, ನಂದಾ ಎಂಬ ಹೆಸರು ಕಿವಿಗೆ ಬಿದ್ದಾಗ ಶಾಪ ಕಳೆಯುತ್ತದೆ. ಗುಜರಾತಿನಲ್ಲಿ ಶ್ರಾವಣದ ಬೋಲ್ ಚೋಥ್ ವ್ರತದಲ್ಲಿ ಬಹುಲಾ ಎಂಬ ಹಸುವಿನ ಕತೆ ಇದೆ. ಅಲ್ಲಿ ಅಡ್ಡಗಟ್ಟಿದ ಮೃಗ ಪರೀಕ್ಷೆಗೆಂದು ವೇಷ ತೊಟ್ಟ ಕೃಷ್ಣ.

ಎರಡು ಕಡೆಯೂ ಮೃಗದೊಳಗೆ ಬೇರೆ ಯಾರೋ ಇದ್ದಾರೆ, ರಾಜನೋ ದೇವರೋ. ಮನಸ್ಸು ಕರಗಿದರೆ ಅದು ಅವರ ಮನಸ್ಸು. ನಮ್ಮ ಹಾಡಿನ ಹುಲಿ ಅರ್ಬುತನೊಳಗೆ ಯಾರೂ ಇಲ್ಲ. ಶಾಪವಿಲ್ಲ, ವೇಷವಿಲ್ಲ, ಬೆಟ್ಟದ ಕಿಬ್ಬಿಯಲ್ಲಿ ಹಸಿದು ಕೂತ ಬರೀ ಹುಲಿ. ಆ ಹುಲಿಗೇ ಅಂತಃಕರಣ ಇದೆ ಎಂದು ಕನ್ನಡದ ಗೊಲ್ಲರ ಹಾಡು ಹೇಳಿತು. ಇಷ್ಟು ದೊಡ್ಡ ಮಾತನ್ನು ಇಷ್ಟು ಸರಳವಾಗಿ ಹೇಳಿದ್ದಕ್ಕೇ ಈ ಹಾಡಿನ ಮೇಲೆ ನನಗೆ ತೀರದ ಗೌರವ.

ಒಂದು ಕಡೆ ನಿಂತು ಪದಗಳನ್ನೇ ನೋಡಿ. ಪುಣ್ಯಕೋಟಿ ‘ಸತ್ಯವಾಕ್ಯಕೆ ತಪ್ಪಿ ನಡೆದರೆ ಮೆಚ್ಚನಾ ಪರಮಾತ್ಮನು’ ಎನ್ನುತ್ತಾಳೆ. ಇದು ಎಲ್ಲರಿಗೂ ಬಾಯಿಗೆ ಬರುವ ಸಾಲು. ಅವಳು ಮರಳಿ ಬಂದು ಇಗೋ ಮಾಂಸ, ಇಗೋ ಬಿಸಿ ರಕ್ತ ಎಂದು ನಿಂತಾಗ ಹುಲಿ ಕಣ್ಣೀರು ಸುರಿಸಿ ಹೇಳುವುದು ‘ಕನ್ನೆಯಿವಳನು ಕೊಂದು ತಿಂದರೆ ಮೆಚ್ಚನಾ ಪರಮಾತ್ಮನು’. ಹಸುವಿನ ಸಾಲಿನ ದ್ವಿತೀಯಾರ್ಧ ಹುಲಿಯ ಬಾಯಿಗೆ ಬಂದಿದೆ. ಇನ್ನೊಂದು ಇದೆ. ಕರುವನ್ನು ಒಪ್ಪಿಸುವಾಗ ಪುಣ್ಯಕೋಟಿ ಇತರ ಹಸುಗಳನ್ನು ‘ನಮ್ಮ ತಾಯೊಡಹುಟ್ಟುಗಳಿರಾ’ ಎಂದು ಕರೆದಿದ್ದಳು. ಹುಲಿ ಆ ದೊಡ್ಡಿಯಲ್ಲಿ ಇರಲಿಲ್ಲ, ಆ ಮಾತು ಕೇಳಿಸಿಕೊಂಡಿಲ್ಲ. ಆದರೂ ಅದು ಅವಳನ್ನು ಕರೆಯುವುದು ‘ಎನ್ನ ಒಡಹುಟ್ಟಕ್ಕ ನೀನು’ ಎಂದು. ಮಂದೆಯ ಒಳಗಿದ್ದ ಬಳಗ ಗವಿಯ ಬಾಗಿಲಿನ ತನಕ ಬೆಳೆದುಬಿಟ್ಟಿತು.

ಹುಲಿಯ ಇಕ್ಕಟ್ಟು ಶುರುವಾಗುವುದೇ ಇಲ್ಲಿ. ಅಕ್ಕ ಎಂದು ಕರೆದ ಮೇಲೆ ತಿನ್ನುವಂತಿಲ್ಲ. ಇವಳನ್ನು ಬಿಟ್ಟು ನಾಳೆ ಗಂಗೆಯನ್ನೋ ಗೌರಿಯನ್ನೋ ತಿನ್ನಲೂ ಆಗದು, ಅವರೂ ಅಕ್ಕನ ಬಳಗವೇ. ಹುಲ್ಲು ತಿಂದು ಬದುಕುವ ಹೊಟ್ಟೆ ಅದಕ್ಕಿಲ್ಲ. ‘ಹಾರಿ ನೆಗೆದು ತನ್ನ ಪ್ರಾಣವ ಬಿಟ್ಟಿತು’ ಎಂಬ ಸಾಲು ಕೆಟ್ಟವನಿಗೆ ಆದ ಶಾಸ್ತಿ ಎಂದು ಮಕ್ಕಳಿಗೆ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಅಡ್ಡಗಟ್ಟುವ ನುಡಿಯಲ್ಲಿ ಹಾಡು ಅದನ್ನು ‘ದುಷ್ಟವ್ಯಾಘ್ರ’ ಎನ್ನುತ್ತದೆ ನಿಜ, ಆದರೆ ಅದೇ ನುಡಿಯ ಕೊನೆಗೆ ‘ಹುಲಿರಾಯ’ ಎಂದೂ ಎನ್ನುತ್ತದೆ. ಹುಲಿಗೆ ಶಿಕ್ಷೆ ಕೊಡುವವರು ಕತೆಯಲ್ಲಿ ಯಾರೂ ಇಲ್ಲ.

ಈಗ ಸ್ಕೂಲಿನವರ ಪ್ರಶ್ನೆ. ಹುಲಿ-ಹಸು ಫ್ರೆಂಡ್ಸ್ ಆಗಿ ಕೈಕೈ ಹಿಡಿದು ಕುಣಿಯುವ ಕೊನೆಯನ್ನು ನಾನು ಒಪ್ಪುವುದಿಲ್ಲ. ಹುಲಿ ಯಾವುದನ್ನೂ ಬಿಟ್ಟುಕೊಡಬೇಕಿಲ್ಲ ಎಂದಾದರೆ ಪುಣ್ಯಕೋಟಿ ಕರುವನ್ನು ಬಿಟ್ಟು ಬಂದದ್ದೂ ಹಗುರವಾಗುತ್ತದೆ. ಪ್ರಾಯೋಗಿಕ ತೊಂದರೆಯೂ ಇದೆ: ‘ಹಾಗಾದ್ರೆ ಹುಲಿ ಏನು ತಿನ್ನತ್ತೆ?’ ಎಂದು ಎರಡನೇ ಸಾಲಿನಲ್ಲಿ ಕೂತ ಮಗುವೇ ಕೇಳುತ್ತದೆ, ಉತ್ತರ ಇರುವುದಿಲ್ಲ.

ಹುಲಿ ಬೆಟ್ಟದಿಂದ ಹಾರುವುದನ್ನು ಮಕ್ಕಳ ಮುಂದೆ ವಿವರವಾಗಿ ಆಡಿ ತೋರಿಸುವುದೂ ಸರಿಯಲ್ಲ. ತಪ್ಪು ಮಾಡಿದವರು, ನೊಂದವರು ಸಾಯಬೇಕು ಎಂಬ ಭಾವನೆ ಮಗುವಿನ ಮನಸ್ಸಿಗೆ ಇಳಿಯಬಾರದು. ನಾಲ್ಕೈದು ವರ್ಷದವರಿಗೆ ನಾನು ಹೇಳುವುದು ‘ಹುಲಿ ತಿನ್ನಲಿಲ್ಲ, ಹೋಗಕ್ಕಾ ಅಂದಿತು, ಪುಣ್ಯಕೋಟಿ ಓಡೋಡಿ ಮನೆಗೆ ಬಂದಳು’ ಎಂದಷ್ಟೇ. ಇದರಲ್ಲಿ ಸುಳ್ಳಿಲ್ಲ, ಪೂರ್ತಿ ಹೇಳಿಲ್ಲ ಅಷ್ಟೆ. ದೊಡ್ಡವರಾದ ಮೇಲೆ ‘ನಮಗೆ ಮೋಸ ಮಾಡಿದ್ರಿ’ ಎನ್ನುವ ಮಕ್ಕಳೂ ಇರುತ್ತಾರೆ, ಆ ಬೆಲೆ ತೆರಬೇಕಾಗುತ್ತದೆ. ಆರೇಳು ವರ್ಷದವರಿಗೆ ಇದ್ದದ್ದನ್ನು ಇದ್ದ ಹಾಗೆ ಹಾಡಿ. ಮಗು ಕೇಳಿದರೆ ‘ಹುಲಿಗೆ ತುಂಬ ದುಃಖ ಆಯ್ತು, ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ, ಹತ್ತಿರ ಯಾರೂ ಇರಲಿಲ್ಲ. ನಮಗೆ ಹಾಗಾದ್ರೆ ನಾವು ಯಾರಿಗಾದ್ರೂ ಹೇಳ್ತೀವಿ’ ಎನ್ನಿ. ಹತ್ತು ದಾಟಿದವರ ಹತ್ತಿರ ಪದ್ಮಪುರಾಣದ ಕತೆ, ಈ ಕತೆ ಎರಡನ್ನೂ ಇಟ್ಟು, ಯಾವ ಹುಲಿ ಹೆಚ್ಚು ಕಷ್ಟದಲ್ಲಿದೆ ಎಂದು ಚರ್ಚಿಸಬಹುದು. ಸೊಗಸಾದ ವಾದಗಳು ಬರುತ್ತವೆ.

ಹಾಡು ಹುಲಿಯ ಸಾವಿಗೆ ಮುಗಿಯುವುದಿಲ್ಲ ಎಂಬುದನ್ನು ನಿಮ್ಮ ಸ್ಕೂಲಿನವರೂ ಬಹುಶಃ ಮರೆತಿದ್ದಾರೆ. ಎಷ್ಟೋ ಕಡೆ ಅಲ್ಲಿಗೇ ಕತ್ತರಿಸುತ್ತಾರೆ. ವಿಸ್ತಾರದ ಪಾಠದಲ್ಲಿ ಪುಣ್ಯಕೋಟಿ ನಲಿದು ಬಂದು ಕರುವಿಗೆ ಮೊಲೆಯುಣಿಸುತ್ತಾಳೆ. ಆಮೇಲೆ ಗೊಲ್ಲನನ್ನು ಕರೆದು, ನನ್ನ ವಂಶದ ಹಸುಗಳೂ ನಿನ್ನ ವಂಶದ ಗೊಲ್ಲರೂ ಪ್ರತಿ ಸಂಕ್ರಾಂತಿಗೆ ಚೆನ್ನಕೃಷ್ಣನನ್ನು ಭಜಿಸಿ ಎನ್ನುತ್ತಾಳೆ. ಅಂದರೆ ಇದು ಹಬ್ಬದ ಹಾಡು. ಹಳೇ ಮೈಸೂರಿನ ಕಡೆ ಸಂಕ್ರಾಂತಿ ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸುತ್ತಾರಲ್ಲ, ಆ ದಿನಕ್ಕೆ ಸೇರಿದ್ದು. (ಉತ್ತರ ಕರ್ನಾಟಕದವರಿಗೆ ಎತ್ತುಗಳ ಹಬ್ಬವೆಂದರೆ ಕಾರಹುಣ್ಣಿಮೆ, ಮಲೆನಾಡಿನವರಿಗೆ ದೀಪಾವಳಿಯ ಗೋಪೂಜೆ. ಹಾಡಿನ ಸಂಕ್ರಾಂತಿ ನೋಡಿದರೆ ಈ ಪಾಠ ಬಯಲುಸೀಮೆಯ ದನಗಾಹಿಗಳ ನಡುವೆ ಬೆಳೆದಿರಬೇಕು ಅನ್ನಿಸುತ್ತದೆ.) ಸ್ಕೂಲಿನವರಿಗೆ ಹೇಳಿ: ಹೊಸ ಕೊನೆ ಕಟ್ಟುವ ಅಗತ್ಯವಿಲ್ಲ, ಬಿಟ್ಟುಹೋದ ಹಳೆಯ ಕೊನೆಯನ್ನು ವಾಪಸ್ ತಂದರೆ ಸಾಕು. ಮಕ್ಕಳು ಮನೆಗೆ ಒಯ್ಯುವುದು ಹಾಲು ಕುಡಿಯುವ ಕರುವನ್ನು.

ಗೋರಾಜಕೀಯದ ಮಾತಿಗೆ ಬರೋಣ. ಪುಣ್ಯಕೋಟಿಯ ಹೆಸರು ರಾಜಕೀಯದಲ್ಲಿ ಬಳಕೆಯಾಗಿದೆ, ಅದನ್ನು ಅಲ್ಲಗಳೆಯಲಾಗದು. 2022ರಲ್ಲಿ ರಾಜ್ಯ ಸರ್ಕಾರ ಗೋಶಾಲೆಗಳ ಹಸುಗಳಿಗಾಗಿ ‘ಪುಣ್ಯಕೋಟಿ ದತ್ತು ಯೋಜನೆ’ ತಂದಿತು. ಅದಕ್ಕೂ ಬಹಳ ಹಿಂದೆ, 1968ರಲ್ಲಿ, ಎಸ್.ಎಲ್. ಭೈರಪ್ಪನವರು ‘ತಬ್ಬಲಿಯು ನೀನಾದೆ ಮಗನೆ’ ಎಂಬ ಈ ಹಾಡಿನ ಸಾಲನ್ನೇ ಕಾದಂಬರಿಗೆ ಹೆಸರಿಟ್ಟು, ಗೋವನ್ನು ಕುರಿತ ಎರಡು ನಂಬಿಕೆಗಳ ಘರ್ಷಣೆ ಬರೆದರು. 1977ರಲ್ಲಿ ಗಿರೀಶ ಕಾರ್ನಾಡ, ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. ಪ್ರತಿ ಕಾಲವೂ ತನಗೆ ಬೇಕಾದದ್ದನ್ನು ಈ ಹಾಡಿನಿಂದ ಎತ್ತಿಕೊಂಡಿದೆ.

ಹಾಡಿನಲ್ಲಿ ಇರುವುದೇನು ಎಂದು ಕೇಳಿದರೆ, ಹಸುಗಳ ಮೇಲಿನ ಭಕ್ತಿ ಇದೆ, ನದಿ-ದೇವತೆಗಳ ಹೆಸರೇ ಅವಕ್ಕೆ. ಅದನ್ನು ಮರೆಮಾಚಿ ಹಾಡಲಾಗದು. ಆದರೆ ಹಸುವನ್ನು ಕೊಲ್ಲುವ ಮನುಷ್ಯ ಈ ಹಾಡಿನಲ್ಲಿ ಇಲ್ಲ, ಕಾನೂನಿಲ್ಲ, ಯಾವ ಜಾತಿ ಧರ್ಮದವರ ನಿಂದೆಯೂ ಇಲ್ಲ. ಮನುಷ್ಯರೆಂದರೆ ಮಾವಿನ ಮರದ ಕೆಳಗೆ ಕೊಳಲೂದಿ, ಒಂದೊಂದು ಹಸುವನ್ನೂ ಹೆಸರು ಹಿಡಿದು ಕರೆಯುವ ಗೊಲ್ಲ ಕಾಳಿಂಗ ಮಾತ್ರ. ಮಾಂಸ ತಿನ್ನುವವರು ಕೆಟ್ಟವರು ಎಂಬ ಅರ್ಥ ಹಚ್ಚಿದರೆ, ಮೊಟ್ಟೆ ಮಾಂಸ ತಿಂದು ಬರುವ ಪಕ್ಕದ ಬೆಂಚಿನ ಮಗು ‘ದುಷ್ಟವ್ಯಾಘ್ರ’ ಆಗುತ್ತದೆ. ತರಗತಿಯಲ್ಲಿ ಈ ಗಾಯ ಸುಲಭವಾಗಿ ಆಗುವಂಥದ್ದು. ಆದ್ದರಿಂದ ಹುಲಿಯ ಪಾತ್ರಕ್ಕೆ ಮಗುವನ್ನು ಆರಿಸುವಾಗ ಎಚ್ಚರ ಬೇಕು. ದಪ್ಪಗಿದ್ದಾನೆ, ಕಪ್ಪಗಿದ್ದಾನೆ, ಗಲಾಟೆ ಮಾಡುತ್ತಾನೆ ಎಂಬ ಕಾರಣಕ್ಕೆ ಹುಲಿ ಮಾಡಬಾರದು. ಚೆನ್ನಾಗಿ ಹಾಡುವ, ನಿಧಾನಕ್ಕೆ ಮಾತಾಡಬಲ್ಲ ಮಗುವಿಗೆ ಕೊಡಿ. ಅತ್ಯಂತ ಕಷ್ಟದ ಪಾತ್ರ ಅದೇ.

ಸಂಗೀತದ ಬಗ್ಗೆ ನೀವು ಕೇಳಿಲ್ಲ, ಆದರೆ ಮಗುವಿನ ಅಳುವಿಗೂ ಅದಕ್ಕೂ ನಂಟಿದೆ. ಇಂಥ ಕಥನಗೀತೆಯನ್ನು ಹಾಡುವ ಪದ್ಧತಿಯಲ್ಲಿ ಮೊದಲಿಂದ ಕೊನೆವರೆಗೆ ಮಟ್ಟು ಒಂದೇ. ಗೊಲ್ಲ ಕರೆದರೂ, ಹುಲಿ ಗರ್ಜಿಸಿದರೂ, ಕರು ಅತ್ತರೂ ಅದೇ ಧಾಟಿ, ಅದೇ ವೇಗ. ರೂಪಕ ಮಾಡುವವರು ಕರುವಿನ ಭಾಗ ಬಂದಾಗ ವೇಗ ಇಳಿಸಿ, ಶಿವರಂಜನಿ ಎಂಬ ದುಃಖದ ರಾಗಕ್ಕೆ ಹೊರಳಿಸಿ, ಪಿಟೀಲು ಎಳೆಸುತ್ತಾರೆ. ಪದದಲ್ಲಿರುವ ದುಃಖಕ್ಕೆ ರಾಗದ ದುಃಖ ಸೇರಿದರೆ ಸಣ್ಣ ಮಕ್ಕಳು ತಾಳಲಾರರು. ನಿಮ್ಮ ಮಗಳ ರೆಕಾರ್ಡಿಂಗ್ ಹಾಗಿದೆಯೇ ನೋಡಿ. ಇದ್ದರೆ ಮನೆಯಲ್ಲಿ ಅದನ್ನು ಹಾಕಬೇಡಿ, ನೀವೇ ಹಾಡಿ.

ತಾಳ ಸುಲಭ. ಛಂದಸ್ಸು ಮೂರು-ನಾಲ್ಕು ಮಾತ್ರೆಗಳ ಗಣ, ಏಳು ಎಣಿಕೆಯ ಮಿಶ್ರಛಾಪು ತಾಳಕ್ಕೆ ಸರಿಯಾಗಿ ಕೂರುತ್ತದೆ. ‘ತಕಿಟ ತಕಧಿಮಿ’ ಎಂದುಕೊಂಡು ತಟ್ಟಿ: ಖಂಡ / ವಿದೆಕೋ / ಮಾಂಸ / ವಿದೆಕೋ. ಮೂರರ ಗಣಕ್ಕೆ ಒಂದು ತಟ್ಟು, ನಾಲ್ಕರ ಗಣಕ್ಕೆ ಎರಡು ತಟ್ಟು. ಇದನ್ನು ನಾಲ್ಕು ನಾಲ್ಕರ ನಡೆಗೆ ಎಳೆದರೆ ಮೂರರ ಗಣಗಳ ಸ್ವರ ಹಿಗ್ಗಿ ಪದ ಕೆಡುತ್ತದೆ, ಮಕ್ಕಳು ಸಾಲಿನ ಕೊನೆಯನ್ನು ನುಂಗುತ್ತಾರೆ. ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಇರುವುದನ್ನೂ ತೋರಿಸಿ: ಧರಣಿ, ಮೆರೆಯು, ಇರುವ, ಪರಿಯ. ಸಾಲು ಮರೆತ ಮಗುವಿಗೆ ಮುಂದಿನದ್ದು ನೆನಪಾಗುವುದು ಈ ಪ್ರಾಸದಿಂದಲೇ. ಹೀಗೆ ಚಪ್ಪಾಳೆ ತಟ್ಟುತ್ತಾ ಹಾಡುವ ಮಗುವಿನ ಗಮನ ಅರ್ಧ ಕೈಯ ಮೇಲಿರುತ್ತದೆ, ಅಳು ತಾನಾಗಿ ತಗ್ಗುತ್ತದೆ.

ವೇದಿಕೆಗೆ ಇಷ್ಟು ಹೇಳಿ. ಹುಲಿ ಹಾರುವುದನ್ನು ತೋರಿಸಬೇಡಿ. ‘ಎನ್ನ ಒಡಹುಟ್ಟಕ್ಕ ನೀನು’ ಎಂದು ಹಾಡಿದ ಹುಲಿ ಅವಳಿಗೆ ಕೈಮುಗಿದು, ತಲೆಯ ಮೇಲಿನ ಹುಲಿಮುಖ ತೆಗೆದು ಪುಣ್ಯಕೋಟಿಯ ಕಾಲ ಬಳಿ ಇಟ್ಟು ಹಿಂದಕ್ಕೆ ನಡೆದುಹೋಗಲಿ, ಉಳಿದ ಸಾಲನ್ನು ಹಿಮ್ಮೇಳ ಹಾಡಲಿ. ಮೇಜಿನ ಮೇಲಿಂದ ಜಿಗಿಸುವ ಆಲೋಚನೆ ಯಾರಿಗಾದರೂ ಇದ್ದರೆ ಬೇಡವೆನ್ನಿ, ಕಾಲು ಉಳುಕುತ್ತದೆ. ಮುಖವಾಡ ಮುಖ ಪೂರ್ತಿ ಮುಚ್ಚುವಂಥದ್ದು ಬೇಡ, ಹಣೆಯ ಮೇಲೆ ಕಟ್ಟುವಂಥದ್ದು ಸಾಕು. ಒಳಗಿರುವುದು ತನ್ನ ಕ್ಲಾಸಿನ ಗೆಳೆಯನೇ ಎಂದು ಕರುವಿಗೆ ಕಾಣುತ್ತಿರಬೇಕು. ಕರುವನ್ನು ದೊಡ್ಡಿಯಲ್ಲಿ ಒಂಟಿಯಾಗಿ ಕೂರಿಸಬೇಡಿ, ಪುಣ್ಯಕೋಟಿ ಹೋದ ಮೇಲೆ ಇಬ್ಬರು ಹಸುಗಳು ಬಂದು ಅದರ ಎರಡೂ ಪಕ್ಕ ಕೂರಲಿ. ಸಮಯ ಇಲ್ಲ ಎಂದರೆ ಅಡ್ಡಗಟ್ಟುವ ಗಲಾಟೆಯ ನುಡಿಗಳಲ್ಲಿ ಎರಡನ್ನು ತೆಗೆಯಿರಿ, ಹಸುಗಳಿಗೆ ಕರುವನ್ನು ಒಪ್ಪಿಸುವ ನುಡಿಯನ್ನೂ ಕೊನೆಯ ಸಂಕ್ರಾಂತಿಯ ನುಡಿಯನ್ನೂ ಮುಟ್ಟಬೇಡಿ. ಪ್ರದರ್ಶನಕ್ಕೆ ಮುಂಚೆ ಒಂದು ಸಲವಾದರೂ ನಿಮ್ಮ ಮಗಳು ಹುಲಿಯ ಪಾತ್ರದ ಸಾಲುಗಳನ್ನು ಹಾಡಲಿ, ಹುಲಿಯ ಪಾತ್ರದ ಮಗು ಕರುವಿನದ್ದನ್ನು ಹಾಡಲಿ.